ಲೈನ್ ಕಟ್ ಆಗಿಲ್ಲ

ಜನವರಿ 21, ಮಂಗಳವಾರ

ಅರ್ಜಿ ಕಳಿಸಿಬಿಟ್ಟೆ. ಗುಂಡಿ ಒತ್ತಿದ ಮೇಲೆ ಕಳ್ಳತನ ಮಾಡಿದವನ ಹಾಗೆ ಕಂಪ್ಯೂಟರ್ ಮುಚ್ಚಿಟ್ಟೆ. ಕೆಳಗೆ ಹೊಲಿಗೆ ಅಂಗಡಿಯಲ್ಲಿ ಮಷಿನ್ನುಗಳ ಸದ್ದನ್ನೂ ಮೀರಿ ಅಕ್ಕ ಯಾರಿಗೋ ಕೋಟಿನ ತೋಳಿನ ಅಳತೆ ಕೂಗಿ ಹೇಳುತ್ತಿದ್ದಳು. ಅವಳಿಗೆ ಇನ್ನೂ ಹೇಳಿಲ್ಲ. ಭಾವನಿಗೆ ಮಾತ್ರ ಗೊತ್ತು. ಡಿಜಿಟಲ್ ನೋಮ್ಯಾಡ್ ವೀಸಾ ಅಂದರೆ ಏನು ಅಂತ ಅವರಿಗೆ ಬರೆದು ತೋರಿಸಿದ್ದೆ. ಕೆಲಸ ಕಂಪ್ಯೂಟರಿನಲ್ಲೇ ಇರುವವರು ಬೇರೆ ದೇಶದಲ್ಲಿ ವಾಸ ಮಾಡಿಕೊಂಡು ತಮ್ಮ ಕೆಲಸ ಮುಂದುವರಿಸಬಹುದು, ಅಷ್ಟೇ. ಭಾವ ಓದಿ, ಕನ್ನಡಕ ತೆಗೆದು, "ಕ್ಷೌರಕ್ಕೆ ಹೋಗೋಕೂ ಅಕ್ಕನ್ನ ಕರ್ಕೊಂಡು ಹೋಗೋನಿಗೆ ಅಲೆಮಾರಿ ವೀಸಾನಾ?" ಎಂದರು. ನಗಲಿಲ್ಲ. ನನಗೂ ನಗು ಬರಲಿಲ್ಲ.

ಅವರು ಹೇಳಿದ್ದು ಸುಳ್ಳಲ್ಲ. ಒಬ್ಬನೇ ಹೋದರೆ 'ಮೀಡಿಯಮ್' ಅನ್ನುವ ಪದ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ, 'ಸಣ್ಣ' ಎಂದುಬಿಡುತ್ತೇನೆ. ಹಾಗಾಗಿ ಎಷ್ಟೋ ವರ್ಷ ಬೋಳುತಲೆಯವನ ಹಾಗೆ ತಿರುಗಾಡಿದ್ದೇನೆ. ಈಚೆಗೆ ಅಕ್ಕ ಬಂದು ಪಕ್ಕದಲ್ಲಿ ನಿಂತು ಹೇಳುತ್ತಾಳೆ.

ಬರೆಯುವಾಗ ನಾನು ಉಗ್ಗುವುದಿಲ್ಲ. ಈ ಪುಸ್ತಕ ಕೊಂಡದ್ದಕ್ಕೆ ಅದೊಂದೇ ಕಾರಣ.

ಫೆಬ್ರವರಿ 2, ಭಾನುವಾರ

ಅಕ್ಕನಿಗೆ ಹೇಳಿದೆ. ಹೇಳಿದೆ ಎಂದರೆ, ಕಾಗದಗಳನ್ನು ಅವಳ ಮುಂದೆ ಇಟ್ಟೆ. ಅವಳು ಕತ್ತರಿ ಕೆಳಗಿಟ್ಟು ಓದಿದಳು. ಓದಿ ಮುಗಿಸಿ ಕತ್ತರಿ ಎತ್ತಿಕೊಂಡು ಮತ್ತೆ ಬಟ್ಟೆ ಕತ್ತರಿಸತೊಡಗಿದಳು. ಊಟದ ಹೊತ್ತಿಗೆ ಮಾತು ಬಂತು. ಅಲ್ಲಿ ಜ್ವರ ಬಂದರೆ ಯಾರಿಗೆ ಹೇಳುತ್ತೀ, ಬಾಡಿಗೆಯವನು ಮೋಸ ಮಾಡಿದರೆ ಯಾರ ಹತ್ತಿರ ಜಗಳ ಆಡುತ್ತೀ, ಬೀದಿಯಲ್ಲಿ ಪೊಲೀಸಿನವನು ಹಿಡಿದು ನಿಲ್ಲಿಸಿದರೆ ಹೆಸರು ಹೇಳುವುದರೊಳಗೆ ಒಳಗೆ ಹಾಕಿರುತ್ತಾನೆ. ಒಂದೊಂದೂ ನಿಜ. ಎಲ್ಲವನ್ನೂ ನಾನೇ ಮೊದಲು ಯೋಚಿಸಿ ಹೆದರಿ ಮುಗಿಸಿದ್ದೆ.

ಯಾಕೆ ಹೋಗಬೇಕು ಅಂತ ಕೇಳಿದಳು. ಉತ್ತರ ಇತ್ತು. ಹೋದ ವರ್ಷದ ಕೊನೆಗೆ ಅಕ್ಕನ ಗಿರಾಕಿಯೊಬ್ಬರು ತಮ್ಮ ತಂಗಿಯನ್ನು ನನಗೆ ಪರಿಚಯ ಮಾಡಿಸಲು ಕರೆದುಕೊಂಡು ಬಂದಿದ್ದರು. ಅವಳು ನನ್ನನ್ನು ನೋಡಿ, ಎಂಥ ಪುಸ್ತಕ ಇಷ್ಟ ಎಂದು ಕೇಳಿದಳು. ಅಕ್ಕ ಉತ್ತರ ಕೊಟ್ಟಳು. ಕೆಲಸ ಏನು ಎಂದಳು. ಅಕ್ಕ ಉತ್ತರ ಕೊಟ್ಟಳು: ಆಡಿಯೋ ಪುಸ್ತಕದ ಕಂಪನಿಗೆ ದನಿ ಶುಚಿ ಮಾಡುತ್ತಾನೆ, ಓದುವವರ ಉಸಿರು, ಕೆಮ್ಮು, ತಡವರಿಕೆ ಎಲ್ಲ ಕತ್ತರಿಸಿ ತೆಗೆಯುತ್ತಾನೆ. ಮೂರನೆಯ ಸಲ ಆ ಹುಡುಗಿ ಅಕ್ಕನ ಕಡೆ ತಿರುಗಿ, ನಾನು ಇವರನ್ನ ಕೇಳಿದ್ದು ಎಂದಳು. ಆಮೇಲೆ ಕೋಣೆಯಲ್ಲಿ ಎಲ್ಲರೂ ಕಾದರು. ನಾನು ಎದ್ದು ಹೊರಗೆ ಹೋದೆ.

ಇದನ್ನೆಲ್ಲ ಅಕ್ಕನಿಗೆ ಹೇಳಬೇಕಿತ್ತು. "ಹೋಗಬೇಕು" ಎಂದಷ್ಟೇ ಹೇಳಿದೆ.

ಅವ್ವ ತೀರಿಕೊಂಡಾಗ ನನಗೆ ನಾಲ್ಕು, ಅವಳಿಗೆ ಹದಿನಾಲ್ಕು. ನನ್ನ ಶಾಲೆಯ ಹಾಜರಿಗೂ ಅವಳೇ ಬಾಗಿಲಲ್ಲಿ ನಿಂತು ನನ್ನ ಹೆಸರಿಗೆ ಓಗೊಟ್ಟು ತನ್ನ ಕ್ಲಾಸಿಗೆ ಓಡುತ್ತಿದ್ದಳು. ಅವಳ ಮೇಲೆ ಸಿಟ್ಟು ಮಾಡಿಕೊಳ್ಳುವುದು ಉಂಡ ಮನೆಯ ಗಳ ಎಣಿಸಿದ ಹಾಗೆ.

ಫೆಬ್ರವರಿ 18, ಮಂಗಳವಾರ

ಸಂದರ್ಶನ ಹಾಳಾಯಿತು.

ವೀಸಾ ಕಚೇರಿ ನಾಲ್ಕನೆಯ ಮಹಡಿ. ಉದ್ದಕ್ಕೆ ಗಾಜಿನ ಕಿಟಕಿಗಳು, ಗಾಜಿನಲ್ಲಿ ಮಾತಿಗೆಂದು ಸಣ್ಣ ತೂತುಗಳು. ಅಕ್ಕ ಜೊತೆಗೆ ಬಂದಿದ್ದಳು. ಸುಮ್ಮನೆ ಕೂತಿರುತ್ತೇನೆ ಎಂದು ಮಾತು ಕೊಟ್ಟಿದ್ದಳು. ಅಧಿಕಾರಿ ಹೆಂಗಸು, ಕಾಗದ ತಿರುವುತ್ತ, ನಮ್ಮ ದೇಶವನ್ನೇ ಯಾಕೆ ಆರಿಸಿಕೊಂಡಿರಿ ಎಂದು ಕೇಳಿದಳು. ವಾರವಿಡೀ ಕನ್ನಡಿಯ ಮುಂದೆ ಹೇಳಿಕೊಂಡಿದ್ದ ಉತ್ತರ. ಮೊದಲ ಅಕ್ಷರಕ್ಕೆ ತುಟಿ ಮುಚ್ಚಿಕೊಂಡಿತು, ಬಿಚ್ಚಲಿಲ್ಲ. ಅವಳು ತಲೆ ಎತ್ತಿ ನೋಡಿದಳು. ನನ್ನ ಕಣ್ಣು ತಾನಾಗಿ ಪಕ್ಕಕ್ಕೆ ಸರಿಯಿತು, ಸಿಕ್ಕಿಕೊಂಡಾಗ ಯಾವಾಗಲೂ ಹಾಗೆ ಸರಿಯುತ್ತದೆ. ಅವಳು ಏನೋ ಬರೆದುಕೊಂಡಳು. ವಾಸ ಎಲ್ಲಿ ಮಾಡುತ್ತೀರಿ ಎಂದಳು. ಅದಕ್ಕೂ ಅದೇ ಕಥೆ. ಮತ್ತೆ ಬರೆದುಕೊಂಡಳು. ಸುಳ್ಳು ಹೇಳುವವರೂ ಹೀಗೇ ತಡವರಿಸುತ್ತಾರೆ, ಹೀಗೇ ಕಣ್ಣು ತಪ್ಪಿಸುತ್ತಾರೆ ಎಂಬುದು ನನಗೆ ಆಗ ಹೊಳೆಯಿತು.

ಅಷ್ಟರಲ್ಲಿ ಅಕ್ಕ ಬಂದು ಗಾಜಿಗೆ ಮುಖ ಒತ್ತಿಯೇಬಿಟ್ಟಳು. ಅವನು ಒಳ್ಳೆಯವನು, ಸ್ವಲ್ಪ ಉಗ್ಗುತ್ತಾನೆ, ನನ್ನನ್ನು ಕೇಳಿ, ಎಲ್ಲ ನಾನು ಹೇಳುತ್ತೇನೆ. ಕಾವಲಿನವನು ಓಡಿ ಬಂದ. ಅಧಿಕಾರಿ ನನ್ನನ್ನು, ಈಕೆ ಯಾರು, ನಿಮ್ಮ ಸ್ವಂತ ಇಷ್ಟದಿಂದ ಹೋಗುತ್ತಿದ್ದೀರೋ ಅಥವಾ ಯಾರಾದರೂ ಕಳಿಸುತ್ತಿದ್ದಾರೋ ಎಂದು ಕೇಳಿದಳು. ಆ ಪ್ರಶ್ನೆಗೂ ಉತ್ತರ ಬರಲಿಲ್ಲ.

ಅರ್ಜಿಯನ್ನು ಹೆಚ್ಚಿನ ವಿಚಾರಣೆಗೆ ಇಟ್ಟಿದ್ದಾರೆ.

ಬಸ್ಸಿನಲ್ಲಿ ಅಕ್ಕನಿಗೆ ಒಂದು ಮಾತು ಹೇಳಿದೆ. ಹೇಳಿ ಮುಗಿಸುವುದರೊಳಗೆ ಎರಡು ನಿಲ್ದಾಣ ದಾಟಿ ಹೋಯಿತು, ಹಿಂದಿನ ಸೀಟಿನವರು ತಿರುಗಿ ನೋಡಿದರು, ಆದರೂ ಬಿಡಲಿಲ್ಲ.

"ಇನ್ನು ಮೇಲೆ ನನ್ನ ಪರವಾಗಿ ಮಾತಾಡಬೇಡ."

ಅವಳು ಕಿಟಕಿಯ ಕಡೆ ತಿರುಗಿ ಕೂತಳು.

ಫೆಬ್ರವರಿ 23, ಭಾನುವಾರ

ಅಕ್ಕ ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ನನ್ನ ತಟ್ಟೆಗೆ ಬಡಿಸಬೇಕಾದರೆ ಭಾವನಿಗೆ ಹೇಳುತ್ತಾಳೆ. ಭಾವ ನನಗೆ ಹೇಳುತ್ತಾರೆ. ನಾನು ತಲೆಯಾಡಿಸಿದರೆ ಅವರು ಅಕ್ಕನಿಗೆ ಹೇಳುತ್ತಾರೆ. ಮೂವರಿಗೆ ಒಬ್ಬ ದುಭಾಷಿ.

ಮಾರ್ಚ್ 13, ಗುರುವಾರ

ಎರಡನೆಯ ಸಂದರ್ಶನ. ಒಬ್ಬನೇ ಹೋದೆ. ಕಿಟಕಿಯ ಮುಂದೆ ನಿಂತು, ನನಗೆ ಉಗ್ಗು ಇದೆ, ದಯವಿಟ್ಟು ಕಾಯಿರಿ ಎಂದು ಹೇಳಬೇಕೆಂದಿದ್ದೆ. ಆಗಲಿಲ್ಲ. ಅದನ್ನೇ ಬರೆದಿಟ್ಟುಕೊಂಡಿದ್ದ ಚೀಟಿಯನ್ನು ಗಾಜಿನ ಕೆಳಗೆ ತೂರಿಸಿದೆ. ಅದೇ ಅಧಿಕಾರಿ. ಓದಿದಳು. ಪೆನ್ನು ಕೆಳಗಿಟ್ಟು ಕೈಕಟ್ಟಿ ಕೂತಳು. ಮೊದಲ ಸಲವೇ ಯಾಕೆ ಹೇಳಲಿಲ್ಲ ಎಂದು ಕೇಳಿದಳು. ಅದಕ್ಕೆ ಉತ್ತರ ಹೇಳುವುದರೊಳಗೆ ನನ್ನ ಅಂಗಿಯ ಬೆನ್ನು ಒದ್ದೆಯಾಗಿತ್ತು.

ಇಂದು ಕಷ್ಟ ಕೊಟ್ಟ ಪದಗಳು: ಪುಸ್ತಕ, ಬಾಡಿಗೆ, ಮನೆ, ನನ್ನ ಹೆಸರು. ಬದಲಿಸಿಕೊಂಡದ್ದು: ಮನೆಗೆ 'ವಾಸ', ಬಾಡಿಗೆಗೆ 'ತಿಂಗಳ ದುಡ್ಡು'. ಹೆಸರಿಗೆ ಬದಲಿ ಸಿಗಲಿಲ್ಲ.

ಮಾರ್ಚ್ 28, ಶುಕ್ರವಾರ

ವೀಸಾ ಬಂತು. ಭಾವ ಅಂಗಡಿಯಿಂದ ಮೇಲೆ ಹತ್ತಿ ಬಂದು ಪಾಸ್‌ಪೋರ್ಟನ್ನು ಬೆಳಕಿಗೆ ಹಿಡಿದು, ಬಟ್ಟೆಯ ನೇಯ್ಗೆ ನೋಡುವವರ ಹಾಗೆ ಆ ಹಾಳೆಯನ್ನು ನೋಡಿದರು. ಅಕ್ಕ ಬರಲಿಲ್ಲ. ಸಂಜೆ ನನ್ನ ಮಂಚದ ಮೇಲೆ ಹೊಸ ಕೋಟು ಇತ್ತು, ದಪ್ಪ ಬಟ್ಟೆ, ಒಳಗೆ ನಾಲ್ಕು ಜೇಬು. ಅಳತೆ ಯಾವಾಗ ತೆಗೆದುಕೊಂಡಳೋ.

ಏಪ್ರಿಲ್ 12, ಶನಿವಾರ

ಬಂದಿದ್ದೇನೆ. ವಿಮಾನ ನಿಲ್ದಾಣಕ್ಕೆ ಭಾವ ಒಬ್ಬರೇ ಬಂದಿದ್ದರು. ಅಕ್ಕನಿಗೆ ಅರ್ಜೆಂಟ್ ಆರ್ಡರ್ ಇತ್ತಂತೆ.

ಕೋಣೆ ಮೂರನೆಯ ಮಹಡಿ. ಕಿಟಕಿ ಹಿಂದಿನ ಅಂಗಳಕ್ಕೆ ತೆರೆಯುತ್ತದೆ, ಅಲ್ಲಿ ಸೈಕಲ್ಲುಗಳು, ಕಸದ ಡಬ್ಬಿಗಳು. ನೆಲ ಮರದ್ದು, ಬಾಗಿಲ ಹತ್ತಿರ ಒಂದು ಹಲಗೆ ಕಾಲಿಟ್ಟರೆ ನರಳುತ್ತದೆ. ಫ್ರಿಜ್ಜು ಕೆಳದನಿಯಲ್ಲಿ ಗುನುಗುತ್ತದೆ. ಕೆಲಸಕ್ಕೆ ಕೂತಾಗ ಅದನ್ನು ಬಂದ್ ಮಾಡಬೇಕು.

ಮನೆಯೊಡತಿ ಕೆಳಗಿನ ಮಹಡಿಯಲ್ಲಿದ್ದಾಳೆ, ನಿವೃತ್ತ ಹಲ್ಲಿನ ಡಾಕ್ಟರು. ಬೀಗದ ಕೈ ಕೊಡುವಾಗ ಬಿಸಿನೀರು ಎಲ್ಲಿ ಎಂದು ಕೇಳಹೋಗಿ ಸಿಕ್ಕಿಕೊಂಡೆ. ಬಾಯಿ ತೆರೆದೇ ಇತ್ತು. ಅವಳು ಸ್ವಲ್ಪ ಹೊತ್ತು ನೋಡಿ, ನನಗೆ ಅರ್ಥವಾಗುವ ಹಾಗೆ ಇಂಗ್ಲಿಷಿನಲ್ಲಿ ನಿಧಾನವಾಗಿ, "ಬಾಯಿ ತೆರೆದು ಮಾತು ಬರದೆ ಕೂತವರ ಎದುರಿಗೇ ನನ್ನ ಆಯಸ್ಸು ಕಳೆದಿದೆ. ನನಗೇನೂ ಅವಸರವಿಲ್ಲ" ಎಂದಳು.

ಏಪ್ರಿಲ್ 24, ಗುರುವಾರ

ಪರದೇಶಿಗಳ ಕಚೇರಿಗೆ ಹೋಗಿ ಹೆಸರು ನೋಂದಾಯಿಸಿ ಬಂದೆ. ಇನ್ನು ವಾಸದ ಕಾರ್ಡು ಬರಬೇಕು. ಅದು ಕೈಗೆ ಬರುವವರೆಗೂ ದೇಶ ಬಿಡುವಂತಿಲ್ಲ, ಬಿಟ್ಟರೆ ವೀಸಾ ತಾನಾಗಿ ರದ್ದು. ಕಿಟಕಿಯ ಹುಡುಗಿ ಇದನ್ನು ಎರಡು ಸಲ ಹೇಳಿದಳು. ಎಲ್ಲಿಗೆ ಹೋಗಲಿ ನಾನು?

ಒಂದು ಸುಖ ಕಂಡುಕೊಂಡಿದ್ದೇನೆ. ಇಲ್ಲಿನ ಭಾಷೆಯ ನಾಲ್ಕು ಮಾತು ಕಲಿತು ಅಂಗಡಿಗೆ ಹೋಗುತ್ತೇನೆ. ನಾನು ತಡವರಿಸಿದರೆ ಅಂಗಡಿಯವರು ಭಾಷೆ ಬಾರದವನು ಅಂದುಕೊಂಡು ನಕ್ಕು ಕಾಯುತ್ತಾರೆ. ಪರದೇಶಿಗಳೆಲ್ಲ ಉಗ್ಗುವವರೇ. ಈ ಗುಂಪಿನಲ್ಲಿ ನನ್ನನ್ನು ಹುಡುಕಿ ತೆಗೆಯುವುದು ಕಷ್ಟ.

ಬ್ಯಾಂಕಿನವರು ಖಾತೆಗಾಗಿ ಫೋನ್ ಮಾಡಿ ಎಂದಿದ್ದಾರೆ. ಮಾಡಲಿಲ್ಲ. ನಡೆದುಕೊಂಡೇ ಹೋದೆ, ನದಿ ದಾಟಿ ಆ ಕಡೆಗೆ. ಮುಚ್ಚಿತ್ತು.

ಮೇ 11, ಭಾನುವಾರ

ಅಕ್ಕ ಮೌನ ಮುರಿದಳು! ವಾಯ್ಸ್ ಮೆಸೇಜು, ಒಂದರ ಹಿಂದೆ ಒಂದು. ಕೋಟು ಹಾಕಿಕೊಳ್ಳುತ್ತೀಯೋ ಇಲ್ಲವೋ, ಹೊಟ್ಟೆಗೆ ಏನು ಬೇಯಿಸಿಕೊಳ್ಳುತ್ತೀ, ಭಾವ ಕನ್ನಡಕವನ್ನು ಇಸ್ತ್ರಿಪೆಟ್ಟಿಗೆಯ ಕೆಳಗಿಟ್ಟು ಕರಗಿಸಿದ್ದಾರೆ. ಬಸ್ಸಿನ ಮಾತನ್ನು ಅವಳೂ ಎತ್ತಲಿಲ್ಲ. ನಾನು ಟೈಪು ಮಾಡಿ ಉತ್ತರ ಕೊಟ್ಟೆ.

ದನಿ ಯಾಕೋ ಒರಟಾಗಿದೆ. ನೆಗಡಿ ಇರಬೇಕು.

ಮೇ 19, ಸೋಮವಾರ

ನೆಗಡಿಯಲ್ಲ.

ಇಂದು ಅವಳ ಹೊಸ ಮೆಸೇಜನ್ನು ಕೆಲಸದ ಹೆಡ್‌ಫೋನಿನಲ್ಲಿ ಕೇಳಿದೆ. ಮಾತಿನ ಕೊನೆಗೆ ಬರುವಾಗ ದನಿ ಎರಡಾಗಿ ಸೀಳುತ್ತದೆ, ನಡುವೆ ಬರಿಯ ಗಾಳಿ ಸೋರುತ್ತದೆ. ಹೋದ ವರ್ಷ ಗುಂಡಿ ಮಾರುವವನ ಜೊತೆ ಅವಳು ಆಡಿದ ಜಗಳವನ್ನು ತಮಾಷೆಗೆ ರೆಕಾರ್ಡ್ ಮಾಡಿದ್ದೆ. ಎರಡನ್ನೂ ಕಂಪ್ಯೂಟರಿನಲ್ಲಿ ಪಕ್ಕ ಪಕ್ಕ ಇಟ್ಟೆ. ಹಳೆಯದರಲ್ಲಿ ದನಿಯ ಗೆರೆಗಳು ನೇಯ್ದ ಬಟ್ಟೆಯ ಹಾಗೆ ಒತ್ತಾಗಿವೆ. ಹೊಸದರಲ್ಲಿ ಎಳೆಗಳು ಬಿಟ್ಟುಹೋಗಿವೆ.

ಇಂಥ ದನಿಯನ್ನು ಒಮ್ಮೆ ಕೇಳಿದ್ದೇನೆ. ನಮ್ಮ ಕಂಪನಿಗೆ ಓದುತ್ತಿದ್ದ ಒಬ್ಬ ಹಿರಿಯರದ್ದು. ಅಧ್ಯಾಯದಿಂದ ಅಧ್ಯಾಯಕ್ಕೆ ಸೀಳು ದೊಡ್ಡದಾಗುತ್ತ ಹೋಯಿತು, ಪುಸ್ತಕ ಅರ್ಧಕ್ಕೆ ನಿಂತಿತು. ಕಾರಣ ಆಮೇಲೆ ಗೊತ್ತಾಯಿತು. ಗಂಟಲಿನ ಕ್ಯಾನ್ಸರ್.

ಅಕ್ಕನಿಗೆ ಬರೆದೆ: ಗಂಟಲಿನ ಡಾಕ್ಟರಿಗೆ ತೋರಿಸು. ಉತ್ತರ: ಬಟ್ಟೆಯ ಧೂಳು, ಅದಕ್ಕೆಲ್ಲ ಡಾಕ್ಟರ್ ಯಾಕೆ. ಭಾವನಿಗೆ ಬರೆದೆ. ಭಾವ ಹೆಬ್ಬೆರಳಿನ ಚಿತ್ರ ಕಳಿಸಿದರು.

ಮೇ 20, ಮಂಗಳವಾರ

ಫೋನ್ ಮಾಡಿದೆ.

ಬೆಳಿಗ್ಗೆಯಿಂದ ಕೈಗೆತ್ತಿಕೊಂಡು ಕೆಳಗಿಡುತ್ತಿದ್ದೆ. ಕೊನೆಗೆ ಅಂಗಡಿಯ ನಂಬರು ಒತ್ತಿದಾಗ ಭಾವ ಎತ್ತಿದರು. ಹಲೋ ಎಂದರು. ನನ್ನ ಬಾಯಿಂದ ಗಾಳಿಯೂ ಹೊರಡಲಿಲ್ಲ. ಯಾವುದೋ ಹೊರದೇಶದ ನಂಬರು, ರಾಂಗ್ ಕಾಲ್ ಇರಬೇಕು ಎಂದು ಅಕ್ಕನಿಗೆ ಹೇಳಿ ಇಟ್ಟುಬಿಟ್ಟರು. ಎರಡನೆಯ ಸಲವೂ ಇಟ್ಟರು. ಮೂರನೆಯ ಸಲಕ್ಕೆ "ಭಾವ" ಎಂಬ ಪದ ಹೊರಬಿತ್ತು, ತುಂಡು ತುಂಡಾಗಿ. ಆ ಕಡೆ ಮಷಿನ್ ನಿಂತಿತು. ಏನಾಯಿತು, ಎಲ್ಲಿದ್ದೀಯ ಎಂದು ಗಾಬರಿಯಾದರು. ನನ್ನ ಫೋನು ಬಂದರೆ ಅವರು ಇನ್ನೇನು ಅಂದುಕೊಂಡಾರು, ಪಾಪ.

ಅಕ್ಕ ಕಿತ್ತುಕೊಂಡಳು. ಅಭ್ಯಾಸಬಲ, ನನ್ನ ಮಾತನ್ನು ಅವಳೇ ಮುಗಿಸುತ್ತ ಹೋದಳು. ದುಡ್ಡು ಬೇಕಾ? ಜ್ವರ ಬಂದಿದೆಯಾ? ವಾಪಸ್ ಬರ್ತೀಯಾ? ಒಂದೊಂದಕ್ಕೂ ಅಲ್ಲ ಎನ್ನಬೇಕಾಯಿತು. ಕೊನೆಗೆ ಅವಳಿಗೆ ಮುಗಿಸಲು ಮಾತೇ ಉಳಿಯಲಿಲ್ಲ, ಸುಮ್ಮನಾದಳು. ಆಗ ಹೇಳಿದೆ: ಅಕ್ಕ, ನಿನ್ನ ದನಿ ಸರಿಯಿಲ್ಲ, ನಾನು ಇದನ್ನೇ ದಿನಾ ಕೇಳುವವನು, ನಾಳೆಯೇ ಹೋಗು.

ಅವಳು ಒಮ್ಮೆ ಕೆಮ್ಮಿದಳು. ಆಮೇಲೆ, ಆಯ್ತು ಎಂದಳು.

ಮೇ 23, ಶುಕ್ರವಾರ

ಧ್ವನಿತಂತಿಯ ಮೇಲೆ ಗಂಟು ಇದೆ. ತೆಗೆದು ಪರೀಕ್ಷೆಗೆ ಕಳಿಸಬೇಕಂತೆ. ಭಾವನಿಗೆ ಎರಡು ಸಲ ಫೋನ್ ಮಾಡಿದೆ. ಎಂಥ ಗಂಟು, ಯಾವ ಕಡೆ, ಎಷ್ಟು ದೊಡ್ಡದು ಎಂದರೆ ಅವರಿಗೆ ಏನೂ ಗೊತ್ತಿಲ್ಲ. ಡಾಕ್ಟರ ಮುಂದೆ ನಿಂತರೆ ಭಾವನ ಕಿವಿ ಮುಚ್ಚಿಹೋಗುತ್ತದೆ. ಕೊಟ್ಟ ಕಾಗದಕ್ಕೆಲ್ಲ ಸಹಿ ಹಾಕಿ ಬಂದಿದ್ದಾರೆ. ಯಾವ ಕಾಗದ ಎಂದೆ. ಆಪರೇಷನ್ನಿನ ಒಪ್ಪಿಗೆ ಅಂತೆ. ಅದರಲ್ಲಿ, ಅಗತ್ಯ ಕಂಡರೆ ಧ್ವನಿಪೆಟ್ಟಿಗೆ ತೆಗೆಯುವುದು ಎಂದೂ ಇದೆಯಂತೆ. "ಅದೆಲ್ಲ ಸುಮ್ಮನೆ ಬರೆದಿರ್ತಾರೆ ಬಿಡು" ಎಂದರು. ಅವರ ದನಿಯೂ ಈಗ ಸರಿ ಇರಲಿಲ್ಲ.

ಆಪರೇಷನ್ ಜೂನ್ ಮೂರಕ್ಕೆ.

ಮೇ 26, ಸೋಮವಾರ

ಊರಿಗೆ ಹೋಗಬೇಕು. ಕಾರ್ಡು ಬಂದಿಲ್ಲ. ಕೆಲಸಕ್ಕೆ ಕೂತರೆ ಬೇರೆಯವರ ದನಿಯಲ್ಲೆಲ್ಲ ಆ ಸೀಳೇ ಕೇಳುತ್ತದೆ. ಒಂದು ಅಧ್ಯಾಯದಲ್ಲಿ ಉಸಿರನ್ನೆಲ್ಲ ತೆಗೆದು ಹಾಕಿ, ಕೇಳಿ, ಮತ್ತೆ ಅಷ್ಟನ್ನೂ ವಾಪಸ್ ಇಟ್ಟೆ.

ಮೇ 27, ಮಂಗಳವಾರ

ಪರದೇಶಿಗಳ ಕಚೇರಿಯಲ್ಲಿ ಅರ್ಧ ದಿನ. ತುರ್ತು ಅಂದದ್ದಕ್ಕೆ ಒಳಗಿನ ಕೋಣೆಗೆ ಕರೆದರು. ಅಧಿಕಾರಿ ಗಂಡಸು, ನರೆತ ಗಡ್ಡ, ಮೇಜಿನ ಮೇಲೆ ಬಾಡಿದ ಗಿಡ. ಅನುವಾದಕ್ಕೆ ಒಬ್ಬನನ್ನು ಕೊಟ್ಟರು, ಚೂಟಿ ಆಸಾಮಿ, ಕೈಗಡಿಯಾರ ನೋಡಿಕೊಳ್ಳುತ್ತಿದ್ದ. ನಾನು "ನನ್ನ ಅಕ್ಕನಿಗೆ" ಎಂದು ಶುರುಮಾಡಿ ಮುಂದಿನ ಪದಕ್ಕೆ ಸಿಕ್ಕಿಕೊಂಡೆ. ಅವನು ಕಾಯಲಿಲ್ಲ. ಅಧಿಕಾರಿಗೆ ಏನೋ ಹೇಳಿದ. ಅಧಿಕಾರಿ ಮುಗುಳ್ನಕ್ಕು ತಲೆಯಾಡಿಸಿದ. ಅದರಲ್ಲಿ ಒಂದು ಪದ ನನಗೆ ಗೊತ್ತಿತ್ತು, ಭಾಷೆಯ ಕ್ಲಾಸಿನ ಪಾಠದಲ್ಲಿ ಬಂದಿತ್ತು. ಮದುವೆ.

ಅಕ್ಕನಿಗೆ ಮದುವೆಯಂತೆ! ಎಲ್ಲರೂ ಅದಕ್ಕೇ ರಜೆ ಕೇಳುತ್ತಾರೆ ಅಂತ ಅವನು ತನ್ನ ಪಾಡಿಗೆ ತಾನು ಮುಗಿಸಿಬಿಟ್ಟಿದ್ದ.

"ನೀವು ಸುಮ್ಮನಿರಿ. ನಾನೇ ಹೇಳ್ತೀನಿ" ಎಂದೆ.

ಆಮೇಲೆ ಇಲ್ಲಿನ ಭಾಷೆಯಲ್ಲೇ ಹೇಳಿದೆ, ವ್ಯಾಕರಣ ಇಲ್ಲದೆ. ಅಕ್ಕ. ಗಂಟಲು. ಗಂಟು. ಆಪರೇಷನ್. ಅಪ್ಪ ಅಮ್ಮ ಇಲ್ಲ. ಅವಳೇ ಅಮ್ಮ. ಅಧಿಕಾರಿಯ ಮುಖದ ನಗು ಹೋಯಿತು. ಅನುವಾದಕ ಮೇಜು ನೋಡುತ್ತ ಕೂತ. ನಾನು ಎಷ್ಟು ಹೊತ್ತು ತೆಗೆದುಕೊಂಡೆನೋ, ಹೊರಗೆ ಸಾಲು ಬೆಳೆದಿತ್ತು, ಯಾರೋ ಬಾಗಿಲು ತಟ್ಟಿದರು, ಅಧಿಕಾರಿ ಎದ್ದು ಹೋಗಿ ಚಿಲಕ ಹಾಕಿ ಬಂದು ಕೂತ.

ಎಲ್ಲ ಕೇಳಿ, ಆಗುವುದಿಲ್ಲ ಎಂದ. ಕಾರ್ಡು ಬೇರೆ ಊರಿನಲ್ಲಿ ಅಚ್ಚಾಗುತ್ತದೆ, ಬೇಗ ತರಿಸುವ ಅಧಿಕಾರ ತನಗಿಲ್ಲ. ಹೋದರೆ ಕಡತ ಮುಚ್ಚುತ್ತದೆ, ಮತ್ತೆ ಮೊದಲಿನಿಂದ. ಕ್ಷಮಿಸಿ ಎಂದ. ಸುಳ್ಳು ಭರವಸೆ ಕೊಡಲಿಲ್ಲ, ಅಷ್ಟು ಒಳ್ಳೆಯದು.

ಬರುವ ದಾರಿಯಲ್ಲೇ ಟಿಕೆಟ್ ನೋಡಿದೆ. ಕಡತ ಮುಚ್ಚಲಿ.

ಮೇ 28, ಬುಧವಾರ

ಬರುತ್ತಿದ್ದೇನೆ ಎಂದು ಹೇಳಲು ಅಕ್ಕನಿಗೆ ಫೋನ್ ಮಾಡಿದೆ. ವೀಸಾ ಹೋಗುತ್ತದೆ ಎಂಬುದನ್ನೂ ಹೇಳಿದೆ, ಮುಚ್ಚಿಡಲಿಲ್ಲ. ಅವಳಿಗೆ ಈಗ ಪಿಸುಮಾತು ಮಾತ್ರ ಬರುತ್ತದೆ. ಅವಳ ದನಿಗಾಗಿ ನಾನು ಕಿವಿಗೆ ಫೋನು ಒತ್ತಿ ಹಿಡಿಯುವ ದಿನ ಬರುತ್ತದೆ ಎಂದು ಯಾರಾದರೂ ಹೇಳಿದ್ದರೆ ನಂಬುತ್ತಿರಲಿಲ್ಲ. ಬೀದಿಯ ಕೊನೆಯವರೆಗೆ ಕೇಳುತ್ತಿತ್ತು ಅದು.

"ಬಂದು ಏನು ಮಾಡ್ತೀಯ ಮರಿ? ಪಕ್ಕದಲ್ಲಿ ಕೂತು ಅಳೋಕೆ ನಿಮ್ಮ ಭಾವ ಇದ್ದಾರೆ."

ನಾನು ಏನೋ ಹೇಳಹೋದೆ. ತಡೆದಳು. ಉಸಿರು ಎಳೆದುಕೊಂಡು ಮತ್ತೆ ಶುರುಮಾಡಿದಳು.

"ಆ ಕಾಗದ ನಾನೂ ಓದಿದೆ. ಎಚ್ಚರ ತಪ್ಪಿಸಿದ ಮೇಲೆ ಏನು ಮಾಡ್ತಾರೋ ಅಂತ ಭಯ. ಕೇಳೋಣ ಅಂದ್ರೆ ಡಾಕ್ಟರು ನಿಂತ ಕಾಲಲ್ಲಿ ಹೋಗ್ತಾರೆ, ನನಗೆ ದನಿಯಿಲ್ಲ, ಇವರಿಗೆ ಧೈರ್ಯ ಇಲ್ಲ. ನೀನು ಕೇಳು. ಅಲ್ಲಿಂದಲೇ ಫೋನ್ ಮಾಡಿ ಕೇಳು. ನನ್ನ ಪರವಾಗಿ ಮಾತಾಡೋಕೆ ನಂಗೆ ಇನ್ಯಾರಿದ್ದಾರೆ?"

ಟಿಕೆಟ್ ಕೊಳ್ಳಲಿಲ್ಲ. ಸರಿಯೋ ತಪ್ಪೋ ಗೊತ್ತಿಲ್ಲ.

ಮೇ 30, ಶುಕ್ರವಾರ

ಡಾಕ್ಟರು ಸಿಕ್ಕರು.

ಆಸ್ಪತ್ರೆಗೆ ಫೋನ್ ಮಾಡಿದರೆ ಮೊದಲು ಸ್ವಾಗತದವಳು, ಅವಳಿಂದ ವಾರ್ಡಿನ ನರ್ಸು, ನರ್ಸಿನಿಂದ ಮತ್ತೆ ಸ್ವಾಗತಕ್ಕೆ. ನಿನ್ನೆಯಿಡೀ ಹೀಗೆ ಗಾಣದ ಎತ್ತಿನ ಹಾಗೆ ಸುತ್ತಿದೆ. ಇಂದು ಮಧ್ಯಾಹ್ನ ಆ ನರ್ಸೇ, ಈಗ ಕೋಣೆಯಲ್ಲಿದ್ದಾರೆ, ಬೇಗ ಮಾಡಿ ಎಂದು ನೇರ ನಂಬರು ಕೊಟ್ಟಳು. ಡಾಕ್ಟರು ಎತ್ತಿ ಯಾರು ಎಂದರು. ನನಗೆ ಹೆಸರೇ ಮೊದಲ ಗೋಡೆ. ನಾಲ್ಕು ಸಲ ಹಲೋ ಎಂದು, ಲೈನ್ ಸರಿಯಿಲ್ಲ ಎಂದು ಇಟ್ಟರು. ಮತ್ತೆ ಮಾಡಿದೆ. ಈ ಸಲ ಅಕ್ಕನ ಹೆಸರಿನ ಅರ್ಧ ಬಂದಿತ್ತು, ಇಟ್ಟರು.

ಅವರು ಕೋಣೆ ಬಿಟ್ಟು ಹೋದರೆ ಮತ್ತೆ ಸೋಮವಾರ. ಮಂಗಳವಾರ ಆಪರೇಷನ್. ಮತ್ತೆ ಒತ್ತಿದೆ. ಅವರು ಎತ್ತಿದ ಕೂಡಲೇ, ಹೆಸರು ಗಿಸರು ಬಿಟ್ಟು, ಇದನ್ನು ಹೇಳಿದೆ:

"ಇಡಬೇಡಿ. ಲೈನ್ ಕಟ್ ಆಗಿಲ್ಲ. ನಾನು ಉಗ್ಗುತ್ತೀನಿ, ನಿಧಾನಕ್ಕೆ ಹೇಳ್ತೀನಿ, ಕೇಳಿ."

ಆ ಕಡೆ ಕುರ್ಚಿ ಎಳೆದ ಸದ್ದಾಯಿತು. ಹೇಳಿ ಎಂದರು.

ಕೇಳಿದೆ. ಅಕ್ಕನ ಗಂಟು ಒಂದು ತಂತಿಯ ಮೇಲೋ ಎರಡರ ಮೇಲೋ? ಒಂದು. ನೋಡಿದರೆ ಎಂಥದ್ದು ಅನ್ನಿಸುತ್ತದೆ? ಹೇಳಲಾಗುವುದಿಲ್ಲ, ಕೆಟ್ಟದ್ದೂ ಆಗಿರಬಹುದು, ಅಲ್ಲದಿರಲೂಬಹುದು. ಪರೀಕ್ಷೆಯ ಫಲಿತಾಂಶ ಬರುವ ಮೊದಲು ಗಂಟು ಬಿಟ್ಟು ಬೇರೆ ಏನಾದರೂ ತೆಗೆಯುತ್ತೀರಾ? ಇಲ್ಲ. ಕಾಗದದಲ್ಲಿ ಹಾಗಿದೆಯಲ್ಲ. ಅದು ಎಲ್ಲರಿಗೂ ಕೊಡುವ ಅಚ್ಚು ಕಾಗದ. ಹಾಗಾದರೆ ಆ ಸಾಲು ಹೊಡೆದು ಹಾಕಿ ನಿಮ್ಮ ಸಹಿ ಮಾಡುತ್ತೀರಾ? ಇಲ್ಲಿ ಡಾಕ್ಟರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಲೈನ್ ಇದೆಯಾ ಎಂದು ನಾನೇ ಕೇಳಿದೆ. ಇದೆ, ಮಾಡುತ್ತೇನೆ ಎಂದರು. ಇನ್ನೊಂದು, ಇದನ್ನು ನೀವೇ ಅಕ್ಕನಿಗೆ ಹೇಳಬೇಕು, ಎಚ್ಚರ ತಪ್ಪಿಸುವ ಮೊದಲು, ಅವಳ ಮುಖ ನೋಡಿ. ಅದಕ್ಕೂ ಹೂಂ ಎಂದರು.

ಸಂಜೆ ಭಾವ ಆ ಕಾಗದದ ಫೋಟೋ ಕಳಿಸಿದರು. ಸಾಲು ಹೊಡೆದಿದೆ. ಸಹಿ ಇದೆ.

ಜೂನ್ 3, ಮಂಗಳವಾರ

ಅಕ್ಕನನ್ನು ಒಳಗೆ ಕರೆದುಕೊಂಡು ಹೋದರು. ಡಾಕ್ಟರು ಮಂಚದ ಹತ್ತಿರ ಬಂದು ಮಾತಾಡಿದರಂತೆ.

ಕೆಳಗೆ ಮನೆಯೊಡತಿಯ ಅಡುಗೆಮನೆಯಲ್ಲಿ ಕೂತಿದ್ದೇನೆ. ಅವಳು ಏನೂ ಕೇಳದೆ ನನ್ನ ಮುಂದೆ ಬ್ರೆಡ್ಡು ಇಟ್ಟು ತನ್ನ ಪಾಡಿಗೆ ಪದಬಂಧ ಬಿಡಿಸುತ್ತಿದ್ದಾಳೆ.

ಹೊರಗೆ ಬಂದಳಂತೆ. ಕಣ್ಣು ಬಿಟ್ಟಳಂತೆ.

ಜೂನ್ 6, ಶುಕ್ರವಾರ

ಫಲಿತಾಂಶ ಇಲ್ಲ.

ಜೂನ್ 9, ಸೋಮವಾರ

ಇಲ್ಲ. ಪರೀಕ್ಷಾಲಯಕ್ಕೆ ಬೆಳಿಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ. ಅಲ್ಲಿನವನಿಗೆ ನನ್ನ ದನಿ ಪರಿಚಯವಾಗಿದೆ. ಹಲೋ ಎನ್ನುವ ಮೊದಲೇ, ನಾಳೆ ಸಾರ್ ಎನ್ನುತ್ತಾನೆ.

ಜೂನ್ 12, ಗುರುವಾರ

ಕೆಟ್ಟದ್ದಲ್ಲ.

ಪರೀಕ್ಷಾಲಯದವನು ಹೇಳಬಾರದಂತೆ, ಡಾಕ್ಟರೇ ಹೇಳಬೇಕಂತೆ. ಆದರೂ, ಇವತ್ತು ನೀವು ನಿದ್ದೆ ಮಾಡಬಹುದು ಸಾರ್ ಎಂದ. ಆಮೇಲೆ ಡಾಕ್ಟರೂ ಹೇಳಿದರು. ಬರಿಯ ಗಂಟು, ಮಷಿನ್ನುಗಳ ಸದ್ದು ಮೀರಿ ಕೂಗಿ ಕೂಗಿ ಬೆಳೆದದ್ದು. ಗಾಯ ಮಾಯುವವರೆಗೆ ಒಂದು ಮಾತೂ ಆಡಕೂಡದು, ಪಿಸುಮಾತೂ ಸಹ. ಆಮೇಲೂ ದನಿ ಮೊದಲಿನಷ್ಟು ದೊಡ್ಡದಾಗುತ್ತದೋ ಇಲ್ಲವೋ ಖಾತ್ರಿ ಇಲ್ಲ.

ಭಾವನಿಗೆ ಹೇಳಿದಾಗ ಅವರು ಫೋನು ಹಿಡಿದುಕೊಂಡೇ ಅತ್ತರು. ನಾನು ಮೆಟ್ಟಿಲ ಮೇಲೆ ಕೂತು ಕೇಳಿಸಿಕೊಂಡೆ.

ವಾಸದ ಕಾರ್ಡು ಅಂಚೆಯಲ್ಲಿ ಬಂದಿತ್ತು. ನಿನ್ನೆಯೋ ಮೊನ್ನೆಯೋ. ಪೆಟ್ಟಿಗೆ ಇವತ್ತು ನೋಡಿದೆ. ಆಗಸ್ಟಿನಲ್ಲಿ ಊರಿಗೆ ಹೋಗಿ ಬರಬಹುದು.

ಜೂನ್ 22, ಭಾನುವಾರ

ಅಕ್ಕನಿಗೆ ಫೋನ್. ಅವಳು ಮಾತಾಡುವಂತಿಲ್ಲವಲ್ಲ, ಭಾವ ಸ್ಪೀಕರ್ ಹಾಕಿ ಅವಳ ಮುಂದೆ ಇಡುತ್ತಾರೆ. ಇಂದು ಸಂತೆಯಲ್ಲಿ ತರಕಾರಿಯವಳು ತೂಕದಲ್ಲಿ ಮೋಸ ಮಾಡಿದ್ದು, ನಾನು ಬಿಡದೆ ಮತ್ತೆ ತೂಗಿಸಿದ್ದು ಹೇಳಿದೆ. ಬ್ಯಾಂಕಿನವರ ಜೊತೆಗಿನ ವಾದ ಹೇಳಿದೆ. ಮನೆಯೊಡತಿ ನನ್ನ ಹಿಂದಿನ ಹಲ್ಲೊಂದನ್ನು ಟಾರ್ಚು ಬಿಟ್ಟು ನೋಡಿ ತಲೆಯಾಡಿಸಿದ್ದು, ಹೊಸ ಪುಸ್ತಕದ ಓದುಗ ಪ್ರತಿ ಸಾಲಿಗೂ ಗುಟುಕು ನೀರು ಕುಡಿಯುವುದು, ಭಾಷೆಯ ಕ್ಲಾಸಿನಲ್ಲಿ ಪಕ್ಕದ ಬೆಂಚಿನ ನರ್ಸು ನನ್ನ ಕೋಟು ಯಾರು ಹೊಲಿದದ್ದು ಎಂದು ಕೇಳಿದ್ದು. ಆ ನರ್ಸಿನ ವಿಷಯ ಇನ್ನೂ ಸ್ವಲ್ಪ ಇತ್ತು. ಅಷ್ಟರಲ್ಲಿ ಆ ಕಡೆ ಭಾವ ನಗುವುದು ಕೇಳಿಸಿತು. ಏನು ಎಂದೆ.

"ನಿಮ್ಮಕ್ಕ ಸ್ಲೇಟಲ್ಲಿ ಏನೋ ಬರೆದು ತೋರಿಸ್ತಿದ್ದಾಳೆ."

ಓದಿ ಎಂದೆ.

"ಇವನ ಬಾಯಿಗೆ ಬೀಗ ಹಾಕೋರು ಅಲ್ಲಿ ಯಾರೂ ಇಲ್ವಾ, ಅಂತ."

ಭಾವ ಇನ್ನೂ ನಗುತ್ತಿದ್ದರು. ಅಷ್ಟು ನಗುವಂಥದ್ದು ಏನಿತ್ತೋ. ನರ್ಸಿನ ವಿಷಯ ಅರ್ಧಕ್ಕೇ ನಿಂತುಹೋಯಿತು, ನಾಳೆ ಹೇಳಬೇಕು.

ಸ್ನಾನದ ಮನೆಯ ನಲ್ಲಿ ಸೋರುತ್ತಿದೆ. ಬೆಳಿಗ್ಗೆ ಎದ್ದ ಕೂಡಲೇ ಪ್ಲಂಬರಿಗೆ ಫೋನ್ ಮಾಡಬೇಕು.